ಎಳೆಗೂಸಿನ ನಂಟೂ ಮುಂದಿನ ಬಾಳೂ

(ಗೃಹಸ್ಥರಿಗೂ ತಾಯಂದಿರ ಕೂಟಗಳಿಗೂ ಒಂದು ಪಾಠ)



“ಎರಡು ವರುಷದ ಕೂಸಿಗೆ ಏನು ತಿಳಿದೀತು? ನಾಲ್ಕು ದಿವಸ ಅತ್ತು ಮರೆತುಬಿಡುತ್ತದೆ” ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಪದೇ ಪದೇ ಕೇಳಬರುತ್ತದೆ. ತಾಯಿ ತೀರಿಹೋದ ಮನೆಯಲ್ಲಿ ಬಂಧುಗಳು ಕೂಡಿ, ಕೂಸು ಇನ್ನು ಯಾರ ಬಳಿ ಬೆಳೆಯಬೇಕೆಂದು ಆಲೋಚಿಸುವಾಗ ಹಿರಿಯರೊಬ್ಬರು ಈ ಮಾತನ್ನು ಆಡದೆ ಇರುವದು ಅಪರೂಪ. ಇದರಲ್ಲಿ ಅರ್ಧ ಸತ್ಯವುಂಟು. ನಮ್ಮಲ್ಲಿ ಯಾರೂ ತಮ್ಮ ಎರಡನೆಯ ವರುಷದಲ್ಲಿ ನಡೆದದ್ದನ್ನು ಕಥೆಯಾಗಿ ಹೇಳಲಾರರು. ಆದರೆ ಕಥೆಯಾಗಿ ಉಳಿಯದ ಆ ಸಂಗತಿಗಳು ಮನಸ್ಸಿನ ರೂಢಿಯಾಗಿ ಉಳಿಯುತ್ತವೆ. ‘ಕರೆದರೆ ಯಾರಾದರೂ ಬರುವರು’ ಎಂಬ ಭರವಸೆಯೋ, ‘ಕರೆದು ಫಲವಿಲ್ಲ’ ಎಂಬ ಎಣಿಕೆಯೋ ಮಾತು ಬರುವದಕ್ಕೆ ಮೊದಲೇ ಕೂಸಿನಲ್ಲಿ ನೆಲೆಗೊಳ್ಳುತ್ತದೆ. ಅದೇ ಎಣಿಕೆಯನ್ನು ಅದು ಮುಂದೆ ಶಾಲೆಗೂ ಕೆಲಸಕ್ಕೂ ಮದುವೆಗೂ ತನ್ನೊಂದಿಗೆ ಹೊತ್ತುಕೊಂಡು ಹೋಗುತ್ತದೆ. ಇದು ಹೇಗೆಂಬದನ್ನೂ, ನಮ್ಮ ಮನೆಗಳಲ್ಲಿ ನಾವು ಮಾಡತಕ್ಕದ್ದೇನೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

೧. ನಂಟು ಎಂದರೇನು?

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಯ ದಡದಲ್ಲಿರುವ ಮಂಡಗದ್ದೆಯನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ಅಲ್ಲಿ ಹೊಳೆಯ ನಡುವೆ ಇರುವ ಚಿಕ್ಕ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಹಾವಕ್ಕಿಗಳೂ ಗೂಡುಕಟ್ಟಿ ಮರಿಮಾಡುತ್ತವೆ. ಬೆಳ್ಳಕ್ಕಿಯ ಮರಿಯು ಮೊಟ್ಟೆಯೊಡೆದು ಬರುವಾಗ ಬಲಹೀನವಾಗಿರುತ್ತದೆ. ಆ ಮೊದಲ ದಿವಸಗಳಲ್ಲಿ ತಾಯಿತಂದೆಗಳಲ್ಲಿ ಒಂದು ಮೀನಿಗೆ ಹೋದರೆ ಮತ್ತೊಂದು ಗೂಡಿನಲ್ಲಿ ಕಾವಲಿರುತ್ತದೆ. ಕೆಲವು ವಾರಗಳಲ್ಲಿ ಮರಿಗೆ ರೆಕ್ಕೆ ಬಲಿಯುತ್ತದೆ, ಗೂಡಿನ ಕೆಲಸ ಮುಗಿಯುತ್ತದೆ. ಮನುಷ್ಯನ ಕೂಸಾದರೋ ವಾರಗಳಲ್ಲಿ ಅಲ್ಲ, ವರುಷಗಳ ಕಾಲ ಮತ್ತೊಬ್ಬರ ಕೈಯಲ್ಲಿ ಇರತಕ್ಕದ್ದಾಗಿದೆ. ಆದಕಾರಣ ತನ್ನನ್ನು ಕಾಯುವವರನ್ನು ಗುರುತಿಸಿ, ಅವರನ್ನು ಬಿಡದೆ ಹಿಡುಕೊಳ್ಳುವ ಶಕ್ತಿಯು ಹುಟ್ಟಿನೊಂದಿಗೇ ಅದಕ್ಕೆ ಕೊಡಲ್ಪಟ್ಟಿದೆ. ಇದನ್ನೇ ನಾವು ಈ ಪಾಠದಲ್ಲಿ ನಂಟು ಎಂದು ಕರೆಯುತ್ತೇವೆ.

ಈ ನಂಟು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಲ್ಪಡುತ್ತದೆ. ಹುಟ್ಟಿದ ಕೆಲವೇ ದಿವಸಗಳಲ್ಲಿ ಕೂಸು ತಾಯಿಯ ಧ್ವನಿಯನ್ನೂ ಮೈವಾಸನೆಯನ್ನೂ ಬೇರೆಯವರದರಿಂದ ವಿಂಗಡಿಸುತ್ತದೆ. ಆದರೂ ಮೊದಲ ತಿಂಗಳುಗಳಲ್ಲಿ ಯಾರು ಎತ್ತಿದರೂ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಆರೇಳು ತಿಂಗಳು ತುಂಬಿದ ಮೇಲೆ ಮಾರ್ಪಾಡು ಕಾಣುತ್ತದೆ. ಅಲ್ಲಿಂದ ಅದಕ್ಕೆ ‘ಯಾರಾದರೂ’ ಸಾಲದು, ‘ಇವರೇ’ ಬೇಕು. ಹೊಸಬರನ್ನು ಕಂಡು ಮುಖ ತಿರುಗಿಸುತ್ತದೆ, ತಾಯಿ ಹೊಸ್ತಿಲು ದಾಟಿದರೆ ಅಳುತ್ತದೆ. “ಇದಕ್ಕೆ ಹಟ ಹೆಚ್ಚಾಯಿತು” ಎಂದು ನಾವು ಬೈಯುವ ಕಾಲವೇ ನಂಟು ಬೇರುಬಿಡುವ ಕಾಲವಾಗಿರುತ್ತದೆ. ಅಂಬೆಗಾಲಿಡುವ ಕೂಸನ್ನು ಅಂಗಳದಲ್ಲಿ ಬಿಟ್ಟು ನೋಡಿರಿ. ಅದು ಸ್ವಲ್ಪ ದೂರ ಹೋಗಿ ಕಲ್ಲು ಕಡ್ಡಿಗಳೊಡನೆ ಆಡುತ್ತದೆ, ತಿರುಗಿ ಜಗಲಿಯ ಮೇಲಿನ ತಾಯಿಯನ್ನು ನೋಡುತ್ತದೆ, ಮತ್ತೆ ಮುಂದೆ ಹೋಗುತ್ತದೆ. ತಾಯಿ ಅಲ್ಲಿದ್ದಾಳೆಂಬ ಧೈರ್ಯದಿಂದಲೇ ಅದು ದೂರ ಹೋಗಬಲ್ಲದು. ಭಯವಾದಾಗ ಓಡಿಬರಲು ಒಂದು ಮಡಿಲು, ಭಯ ಕಳೆದ ಮೇಲೆ ಲೋಕವನ್ನು ನೋಡಲು ಒಂದು ಆಸರೆ, ಈ ಎರಡೂ ನಂಟಿನ ಪ್ರಯೋಜನಗಳು.

೨. ಇದನ್ನು ಕಂಡುಕೊಂಡವರು

ಕೂಸು ತಾಯಿಗೆ ಅಂಟಿಕೊಳ್ಳುವದು ಹಾಲಿನ ಆಶೆಗಾಗಿಯೇ ಎಂದು ಮೊದಲು ವಿದ್ವಾಂಸರೂ ನಂಬಿದ್ದರು. ೧೯೫೮ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೋ ಎಂಬವರು ಕೋತಿಯ ಮರಿಗಳ ಮೇಲೆ ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದರು. ತಾಯಿಯಿಂದ ಅಗಲಿಸಿದ ಮರಿಗಳ ಮುಂದೆ ಎರಡು ಬೊಂಬೆಗಳಿದ್ದವು. ಒಂದು ಬರೀ ತಂತಿಯದು, ಮತ್ತೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು. ತಂತಿಯ ಬೊಂಬೆಯಲ್ಲಿ ಹಾಲು ಇಟ್ಟಾಗಲೂ ಮರಿಗಳು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿದ್ದು, ಉಳಿದ ಹೊತ್ತೆಲ್ಲಾ ಬಟ್ಟೆಯ ಬೊಂಬೆಯನ್ನೇ ಅಪ್ಪಿಕೊಂಡವು. ಹೆದರಿದಾಗ ಅದರ ಬಳಿಗೇ ಓಡಿದವು. ಮರಿಗಳಿಗೆ ಕ್ರೂರವಾದ ಪರೀಕ್ಷೆಯೇ ಸರಿ. ಆದರೂ ಹೊಟ್ಟೆ ತುಂಬಿಸಿದರೆ ಸಾಕೆಂಬ ಎಣಿಕೆಯನ್ನು ಅದು ಮುರಿಯಿತು.

ಲಂಡನ್ ನಗರದ ವೈದ್ಯರಾದ ಜಾನ್ ಬೌಲ್ಬಿ (೧೯೦೭–೧೯೯೦) ಎಂಬವರು ಈ ವಿಚಾರಕ್ಕೆ ಅಸ್ತಿವಾರ ಹಾಕಿದವರು. ಶ್ರೀಮಂತರ ಮನೆಯಲ್ಲಿ ಹುಟ್ಟಿದ ಅವರನ್ನು ಸಾಕಿದವಳು ಒಬ್ಬ ದಾದಿ. ಅವರಿಗೆ ಸುಮಾರು ನಾಲ್ಕು ವರುಷವಾದಾಗ ಆ ದಾದಿ ಕೆಲಸ ಬಿಟ್ಟುಹೋದಳು. ತಾಯಿಯನ್ನು ಕಳಕೊಂಡಂಥ ದುಃಖವಾಯಿತೆಂದು ಅವರು ಮುಪ್ಪಿನಲ್ಲಿಯೂ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಮನೆಮಾರು ಕಳಕೊಂಡ ಮಕ್ಕಳನ್ನು ಕುರಿತು ಅವರು ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯು ೧೯೫೧ರಲ್ಲಿ ಹೊರಬಂತು. ಅನ್ನ ಬಟ್ಟೆಗಳಷ್ಟೇ ಅಗತ್ಯವಾಗಿ ಒಬ್ಬರ ಸ್ಥಿರವಾದ ಮಮತೆಯೂ ಕೂಸಿಗೆ ಬೇಕೆಂಬದು ಅದರ ಸಾರಾಂಶ.

ಅವರ ಸಂಗಡ ಕೆಲಸಮಾಡಿದ ಮೇರಿ ಐನ್ಸ್‌ವರ್ತ್ (೧೯೧೩–೧೯೯೯) ಎಂಬ ವಿದುಷಿಯ ಕೆಲಸವು ನಮಗೆ ಇನ್ನೂ ಹತ್ತಿರವಾದದ್ದು. ಆಕೆ ೧೯೫೪–೫೫ರಲ್ಲಿ ಆಫ್ರಿಕದ ಉಗಾಂಡ ದೇಶದಲ್ಲಿ ಕಂಪಾಲ ನಗರದ ಸುತ್ತಲಿನ ಹಳ್ಳಿಗಳಿಗೆ ಹೋಗಿ, ೨೬ ಮನೆಗಳ ತಾಯಂದಿರನ್ನೂ ಕೂಸುಗಳನ್ನೂ ತಿಂಗಳುಗಟ್ಟಲೆ ನೋಡಿದಳು. ಅಲ್ಲಿನ ಹೆಂಗಸರು ನಮ್ಮವರಂತೆಯೇ ಹೊಲ ತೋಟಗಳಲ್ಲಿ ದುಡಿಯುವವರು. ಯಾವ ತಾಯಿಯ ಕೂಸು ನೆಮ್ಮದಿಯಾಗಿತ್ತೆಂದು ಆಕೆ ಹುಡುಕಿದಾಗ ಕಂಡದ್ದೇನಂದರೆ: ತನ್ನ ಕೂಸಿನ ವಿಷಯವಾಗಿ ಕೇಳಿದಾಗ ಯಾವ ತಾಯಿ ಸಣ್ಣಪುಟ್ಟ ಸಂಗತಿಗಳನ್ನೂ ಬಿಡದೆ ಹೇಳಬಲ್ಲಳೋ, ಅಂದರೆ ಯಾವ ತಾಯಿ ತನ್ನ ಕೂಸನ್ನು ಗಮನವಿಟ್ಟು ನೋಡಿ ಅರಿತಿದ್ದಳೋ, ಅವಳ ಕೂಸೇ ಹೆಚ್ಚಾಗಿ ನೆಮ್ಮದಿಯಾಗಿತ್ತು. ಇದು ಹಣವಿಲ್ಲದೆ ಕೊಡಬಹುದಾದ ಸೊತ್ತು. ಗುಡಿಸಲಿನಲ್ಲಿಯೂ ಇದಕ್ಕೆ ಅಡ್ಡಿಯಿಲ್ಲ.

೩. ನಾಲ್ಕು ವಿಧವಾದ ಕೂಸುಗಳು

ತರುವಾಯ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಒಂದು ಸುಲಭವಾದ ಪರೀಕ್ಷೆಯನ್ನು ಏರ್ಪಡಿಸಿದಳು. ವರುಷ ತುಂಬಿದ ಕೂಸನ್ನು ತಾಯಿಯೊಂದಿಗೆ ಹೊಸ ಕೋಣೆಯಲ್ಲಿ ಆಡಲು ಬಿಟ್ಟು, ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ತಿರಿಗಿ ಬರುವಾಗ ಕೂಸು ಏನು ಮಾಡುತ್ತದೆಂದು ನೋಡುವದೇ ಆ ಪರೀಕ್ಷೆ. ಹೋಗುವಾಗ ಅತ್ತದ್ದಕ್ಕಿಂತ, ಬಂದಾಗ ನಡಕೊಂಡದ್ದೇ ಮುಖ್ಯ.

ಮೊದಲನೆಯ ವಿಧದ ಕೂಸು ತಾಯಿ ಬಂದೊಡನೆ ಅವಳ ಬಳಿಗೆ ಹೋಗಿ, ಎತ್ತಿಕೊಂಡರೆ ಸಮಾಧಾನಗೊಂಡು, ಮತ್ತೆ ಆಟಕ್ಕಿಳಿಯುತ್ತದೆ. ಕರೆದಾಗ ಉತ್ತರ ಸಿಕ್ಕಿದ ಕೂಸು ಅದು. ಎರಡನೆಯದು ತಾಯಿ ಹೋದರೂ ಬಂದರೂ ಲೆಕ್ಕಿಸದಂತೆ ಬೆನ್ನು ತಿರುಗಿಸಿ ಆಡುತ್ತಿರುತ್ತದೆ. ನೋಡುವವರು “ಎಷ್ಟು ಜಾಣ ಕೂಸು!” ಎನ್ನುತ್ತಾರೆ. ಆದರೆ ಅದರ ಎದೆಬಡಿತವನ್ನು ಅಳತೆಮಾಡಿದವರು ಅದೂ ಒಳಗೆ ಕಳವಳಪಡುತ್ತದೆಂದು ತಿಳಿಸಿದ್ದಾರೆ. ಅತ್ತಾಗಲೆಲ್ಲಾ ದೂಡಲ್ಪಟ್ಟದ್ದರಿಂದ ಅದು ಅಳುವನ್ನು ನುಂಗಲು ಕಲಿತಿದೆ. ಮೂರನೆಯದು ತಾಯಿ ಬಂದ ಮೇಲೂ ಸಮಾಧಾನಗೊಳ್ಳದೆ, ಅವಳನ್ನು ಅಪ್ಪಿಕೊಳ್ಳುತ್ತಲೂ ಒದೆಯುತ್ತಲೂ ಇರುತ್ತದೆ. ಒಮ್ಮೆ ಉತ್ತರ ಸಿಕ್ಕಿ ಒಮ್ಮೆ ಸಿಕ್ಕದ ಕೂಸು ಅದು. ಈ ಮೂರಲ್ಲದೆ ನಾಲ್ಕನೆಯ ವಿಧವನ್ನು ಆಕೆಯ ಶಿಷ್ಯಳಾದ ಮೇರಿ ಮೇನ್ ೧೯೮೦ರ ದಶಕದಲ್ಲಿ ವಿವರಿಸಿದಳು. ಆ ಕೂಸು ಹತ್ತಿರ ಬರಲು ಹೊರಟು ನಡುವೆಯೇ ಸ್ತಬ್ಧವಾಗಿ ನಿಲ್ಲುತ್ತದೆ, ಇಲ್ಲವೆ ಮುಖ ಮುಚ್ಚಿಕೊಳ್ಳುತ್ತದೆ. ಯಾರ ಬಳಿಗೆ ಓಡಬೇಕೋ ಅವರೇ ಭಯಕ್ಕೆ ಕಾರಣರಾದರೆ ಕೂಸು ಎಲ್ಲಿಗೆ ಓಡೀತು? ಕುಡಿದು ಬಂದು ಬಡಿಯುವ ತಂದೆಯುಳ್ಳ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು.

ಇವೆಲ್ಲವೂ ಮುಂದೆ ಹೇಗೆ ತೋರಿಬರುತ್ತವೆ? ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ೧೯೭೫ರಲ್ಲಿ ಬಡತನದಲ್ಲಿದ್ದ ೨೬೭ ಬಸುರಿಯರನ್ನು ಆರಿಸಿಕೊಂಡು, ಅವರ ಮಕ್ಕಳನ್ನು ಹುಟ್ಟಿದಂದಿನಿಂದ ಮೂವತ್ತು ವರುಷಕ್ಕೂ ಹೆಚ್ಚು ಕಾಲ ವಿದ್ವಾಂಸರು ನೋಡುತ್ತಾ ಬಂದರು. ಶೈಶವದಲ್ಲಿ ನೆಮ್ಮದಿಯ ನಂಟುಳ್ಳ ಮಕ್ಕಳು ಬಾಲವಾಡಿಯಲ್ಲಿ ಗುರುಗಳನ್ನು ಕಡಿಮೆ ಕಾಡಿದರು, ಜೊತೆಯವರೊಡನೆ ಹೆಚ್ಚು ಸ್ನೇಹದಿಂದಿದ್ದರು. ಅವರು ಪ್ರಾಯಕ್ಕೆ ಬಂದ ಮೇಲೆ ತಮ್ಮ ಸಂಗಾತಿಯೊಡನೆ ಜಗಳವಾದರೆ, ಜಗಳದಿಂದ ಬೇಗನೆ ಹೊರಬಂದು ಮತ್ತೆ ಮಾತಾಡಬಲ್ಲವರಾಗಿದ್ದರು. ಇದನ್ನು ಚೆನ್ನಾಗಿ ಗಮನಿಸಿರಿ. ಎತ್ತಿಕೊಂಡು ಮುದ್ದಿಸಿದರೆ ಕೂಸು ಜೋತುಬೀಳುವದನ್ನು ಕಲಿಯುತ್ತದೆಂದು ನಾವು ಹೆದರುತ್ತೇವೆ. ಕಂಡುಬಂದದ್ದು ಅದಕ್ಕೆ ವಿರೋಧವಾಗಿದೆ.

ನಮ್ಮ ನೆರೆಹೊರೆಯಲ್ಲಿಯೂ ಇದರ ಗುರುತುಗಳುಂಟು. ಕಷ್ಟದಲ್ಲಿ ನೆರೆಯವನ ಬಾಗಿಲು ತಟ್ಟಬಲ್ಲವನೂ, ತನ್ನ ಬಾಗಿಲನ್ನು ತಟ್ಟಿದವನಿಗೆ ತೆರೆಯಬಲ್ಲವನೂ ಒಬ್ಬನಿರುತ್ತಾನೆ. ಮತ್ತೊಬ್ಬನು ಎಷ್ಟು ಸಂಕಟವಾದರೂ ಹೆಂಡತಿಯೊಡನೆ ಒಂದು ಮಾತು ಹೇಳದೆ, ಎಲ್ಲವನ್ನೂ ಎದೆಯೊಳಗೆ ಇಟ್ಟುಕೊಂಡು ಕೊರಗುತ್ತಾನೆ. ಮತ್ತೊಬ್ಬಳು ಗಂಡನು ಸಂತೆಯಿಂದ ಒಂದು ತಾಸು ತಡವಾಗಿ ಬಂದರೂ ತನ್ನನ್ನು ಬಿಟ್ಟೇಹೋದನೆಂದು ಹಲುಬುತ್ತಾಳೆ. ಇವರನ್ನು ಗರ್ವಿಷ್ಠನೆಂದೂ ಸಂಶಯಪಿಶಾಚಿಯೆಂದೂ ಕರೆಯುವದಕ್ಕೆ ಮೊದಲು, ಇವರು ಕೂಸಾಗಿದ್ದಾಗ ಅತ್ತರೆ ಯಾರು ಬರುತ್ತಿದ್ದರೆಂದು ವಿಚಾರಿಸುವದು ಒಳ್ಳೇದು. ಆದರೂ ಶೈಶವದಿಂದಲೇ ಎಲ್ಲವೂ ನಿಶ್ಚಯವಾಗುತ್ತದೆಂದು ಯಾರೂ ತಿಳಿಯಬಾರದು. ಹುಟ್ಟುಸ್ವಭಾವ, ಬಡತನ, ಶಾಲೆ, ಗೆಳೆತನ, ಮದುವೆ ಇವೂ ಮನುಷ್ಯನನ್ನು ರೂಪಿಸುತ್ತವೆ. ಶೈಶವದ ನಂಟು ಅವುಗಳಲ್ಲಿ ಮೊದಲನೆಯದು, ಒಂದೇ ಒಂದಲ್ಲ.

೪. ತಾಯಿಯೊಬ್ಬಳೇ ಇರಬೇಕೋ?

ಬೌಲ್ಬಿಯವರ ಬರಹವನ್ನು ಓದಿ, ತಾಯಿ ಮನೆಯಿಂದ ಕದಲಲೇಬಾರದೆಂದು ಕೆಲವರು ಬೋಧಿಸಿದರು. ಇದು ಹೆಚ್ಚಾದ ಮಾತೆಂದು ತರುವಾಯದವರು ತೋರಿಸಿದ್ದಾರೆ. ಕೂಸು ಒಬ್ಬಳಿಗಷ್ಟೇ ಅಲ್ಲ, ತನ್ನನ್ನು ದಿನವೂ ಪರಾಮರಿಸುವ ಎರಡು ಮೂರು ಜನರಿಗೆ ನಂಟು ಬೆಳೆಸಬಲ್ಲದು. ತಂದೆ, ಅಜ್ಜಿ, ಅತ್ತೆ, ದೊಡ್ಡಕ್ಕ ಇವರಲ್ಲಿ ಯಾರಾದರೂ ಆಗಬಹುದು. ಆದರೆ ಅವರು ಕೆಲವರೇ ಆಗಿರಬೇಕು, ದಿನದಿನಕ್ಕೂ ಬದಲಾಗದವರಾಗಿರಬೇಕು.

ಮಲೆನಾಡಿನ ಬಾಣಂತನದ ಪದ್ಧತಿಯಲ್ಲಿ ಈ ಜ್ಞಾನವು ಪುಸ್ತಕವಿಲ್ಲದೆ ಅಡಗಿದೆ. ಚೊಚ್ಚಲು ಹೆರಿಗೆಗೆ ಮಗಳನ್ನು ತವರಿಗೆ ಕರತಂದು, ಅವಳನ್ನು ಕೆಲಸದಿಂದ ಬಿಡಿಸಿ, ಅಜ್ಜಿಯೇ ಕೂಸಿಗೆ ಎಣ್ಣೆಯೊತ್ತಿ ಬಿಸಿನೀರು ಹುಯ್ಯುವದೂ, ತೊಟ್ಟಿಲು ತೂಗುವದೂ ಕೂಸಿಗೆ ಎರಡು ಮಡಿಲುಗಳನ್ನು ಕೊಡುತ್ತವೆ. ನಾವೆಲ್ಲರೂ ಬಲ್ಲ ರೂತಳ ಚರಿತ್ರೆಯಲ್ಲಿ ಮುದುಕಿಯಾದ ನೊವೊಮಿಯು ಓಬೇದನನ್ನು ಎತ್ತಿ ಸಾಕಿದ್ದು ಇಂಥದ್ದೇ. ಮೋಶೆಯ ಅಕ್ಕನ ಜಾಣತನದಿಂದ ಅವನು ಫರೋಹನ ಅರಮನೆಗೆ ಸೇರುವದಕ್ಕೆ ಮೊದಲು ಸ್ವಂತ ತಾಯಿಯ ಮೊಲೆಹಾಲಿನಿಂದಲೇ ಬೆಳೆದದ್ದನ್ನೂ ಇಲ್ಲಿ ನೆನಸಬಹುದು.

ಮಂಡಗದ್ದೆಯಿಂದ ಶಿವಮೊಗ್ಗೆಗೆ ಹೋಗುವ ಅದೇ ರಸ್ತೆಯಲ್ಲಿ ಗಾಜನೂರಿನ ಬಳಿ ಸಕ್ರೆಬೈಲಿನ ಆನೆಬಿಡಾರವಿದೆ. ಹೊಳೆಯಲ್ಲಿ ಮರಿಯಾನೆಯು ತಾಯಿಯ ಕಾಲುಗಳ ನಡುವೆ ನಿಲ್ಲುವದನ್ನು ಅಲ್ಲಿ ಕಾಣಬಹುದು. ಕಾಡಿನಲ್ಲಿಯಾದರೆ ಮರಿಯನ್ನು ತಾಯಿ ಮಾತ್ರವಲ್ಲ, ಹಿಂಡಿನ ಇತರ ಹೆಣ್ಣಾನೆಗಳೂ ಕಾಯುತ್ತವೆ. ಆ ಹಿಂಡು ಇಲ್ಲದೆ ಹೋದರೆ ಆಗುವದೇನೆಂಬದಕ್ಕೆ ದಕ್ಷಿಣ ಆಫ್ರಿಕದಲ್ಲಿ ನಡೆದ ಸಂಗತಿ ಸಾಕ್ಷಿಯಾಗಿದೆ. ಅಲ್ಲಿ ಕ್ರೂಗರ್ ಎಂಬ ಕಾಡಿನಲ್ಲಿ ಆನೆಗಳು ಹೆಚ್ಚಿದವೆಂದು ದೊಡ್ಡವುಗಳನ್ನು ಕೊಂದು, ಉಳಿದ ಮರಿಗಳನ್ನು ಪಿಲಾನೆಸ್ಬರ್ಗ್ ಎಂಬ ಬೇರೆ ಕಾಡಿಗೆ ಸಾಗಿಸಿದರು. ಹಿರಿಯರಿಲ್ಲದೆ ಬೆಳೆದ ಆ ಗಂಡಾನೆಗಳು ೧೯೯೨ರಿಂದ ೧೯೯೭ರ ವರೆಗೆ ನಲವತ್ತಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. ೧೯೯೮ರಲ್ಲಿ ಆರು ದೊಡ್ಡ ಸಲಗಗಳನ್ನು ತಂದು ಅವುಗಳ ನಡುವೆ ಬಿಟ್ಟಾಗ ಆ ಕೊಲೆಗಳು ನಿಂತುಹೋದವು. ಹಿರಿಯರ ನಷ್ಟದಿಂದ ಕೆಟ್ಟದ್ದು, ಹಿರಿಯರ ಸಹವಾಸದಿಂದ ಬಹುಮಟ್ಟಿಗೆ ಸರಿಯಾಯಿತು.

೫. ತಬ್ಬಲಿ ಕೂಸಿನ ವಿಷಯ

ಈಗ ಪಾಠದ ಮುಖ್ಯವಾದ ಸಂಗತಿಗೆ ಬರುತ್ತೇವೆ. ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರಗಾಲವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನರು ೧೮೮೧ರಲ್ಲಿ ಸುಮಾರು ನಲವತ್ತೆರಡು ಲಕ್ಷವಾಗಿದ್ದರು. ಆಗ ಅನಾಥರಾದ ಮಕ್ಕಳಿಗಾಗಿ ಮಿಶನಿನವರು ಅನಾಥಶಾಲೆಗಳನ್ನು ತೆರೆದರು. ಆ ಶಾಲೆಗಳು ಇಲ್ಲದಿದ್ದರೆ ಅನೇಕ ಮಕ್ಕಳು ಉಳಿಯುತ್ತಿರಲಿಲ್ಲ. ಅದಕ್ಕಾಗಿ ಉಪಕಾರಸ್ಮರಣೆ ಮಾಡತಕ್ಕದ್ದೇ. ಆದರೆ ದೊಡ್ಡ ಕಟ್ಟಡದಲ್ಲಿ ಸರದಿಯ ಮೇಲೆ ಬರುವ ಆಳುಗಳ ಕೈಯಲ್ಲಿ ಎಳೆಗೂಸುಗಳು ಬೆಳೆಯುವದು ತಕ್ಕದ್ದಲ್ಲವೆಂದು ಈಗ ನಿಶ್ಚಯವಾಗಿ ತಿಳಿದಿದೆ.

ಅದು ತಿಳಿದ ಬಗೆ ಹೇಗಂದರೆ: ರುಮೇನಿಯ ದೇಶದಲ್ಲಿ ೧೯೮೯ರಲ್ಲಿ ಆಡಳಿತ ಮುರಿದುಬಿದ್ದಾಗ ಲಕ್ಷಕ್ಕೂ ಮಿಕ್ಕ ಮಕ್ಕಳು ಸರ್ಕಾರದ ಅನಾಥಾಲಯಗಳಲ್ಲಿ ಇದ್ದದ್ದು ಲೋಕಕ್ಕೆ ಗೊತ್ತಾಯಿತು. ೨೦೦೦ದಲ್ಲಿ ಬುಖಾರೆಸ್ಟ್ ನಗರದಲ್ಲಿ ಅಂಥ ೧೩೬ ಎಳೆಯ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲುಮಾಡಿ, ಒಂದು ಪಾಲನ್ನು ಸಾಕುತಾಯಂದಿರ ಮನೆಗಳಲ್ಲಿ ಇರಿಸಿದರು. ಮನೆಗೆ ಹೋದ ಮಕ್ಕಳು ಮಾತಿನಲ್ಲಿಯೂ ಬುದ್ಧಿಯಲ್ಲಿಯೂ ನಂಟಿನಲ್ಲಿಯೂ ಮುಂದುವರಿದರು. ಅವರಲ್ಲಿಯೂ ಎರಡು ವರುಷ ತುಂಬುವದರೊಳಗೆ ಹೋದವರಿಗೆ ಹೆಚ್ಚು ಮೇಲಾಯಿತು. ನಮ್ಮ ದೇಶದಲ್ಲಿ ೨೦೧೫ರ ಬಾಲನ್ಯಾಯ ಕಾಯಿದೆಯು ಇದಕ್ಕೆ ಸರಿಯಾಗಿ, ಕೂಸಿಗೆ ಮೊದಲು ಕುಟುಂಬವನ್ನೇ ಹುಡುಕಬೇಕು, ಅನಾಥಾಲಯವು ಕಡೆಯ ದಾರಿ ಎಂದು ವಿಧಿಸಿದೆ.

ನಮ್ಮ ಹಳ್ಳಿಗಳಲ್ಲಿ ಕೂಸು ಅನಾಥಾಲಯಕ್ಕೆ ಹೋಗುವದು ಕಡಿಮೆ. ಬೇರೊಂದು ಬಗೆಯ ಅಗಲಿಕೆ ಇಲ್ಲಿ ನಡೆಯುತ್ತದೆ. ಹೆರಿಗೆಯಿಂದಲೋ ಮಂಗನ ಕಾಯಿಲೆಯಿಂದಲೋ ತಾಯಿ ತೀರಿಕೊಂಡ ಮೇಲೆ ಬಂಧುಗಳು ನ್ಯಾಯವಾಗಿ ಹೊರೆ ಹಂಚಿಕೊಳ್ಳಬೇಕೆಂದು, ಕೂಸನ್ನು ಎರಡು ತಿಂಗಳು ಸೋದರಮಾವನ ಮನೆಯಲ್ಲಿಯೂ, ಎರಡು ತಿಂಗಳು ದೊಡ್ಡಪ್ಪನ ಮನೆಯಲ್ಲಿಯೂ, ಉಳಿದ ದಿವಸ ಅಜ್ಜಿಯ ಬಳಿಯಲ್ಲಿಯೂ ಇರಿಸುತ್ತಾರೆ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಎಲ್ಲರೂ ಅನ್ನ ಹಾಕುತ್ತಾರೆ. ಆದರೆ ಕೂಸಿನ ಲೆಕ್ಕದಲ್ಲಿ ಪ್ರತಿ ಎರಡು ತಿಂಗಳಿಗೊಮ್ಮೆ ಒಬ್ಬ ತಾಯಿ ಸಾಯುತ್ತಾಳೆ. ಮೊದಲ ಸಾರಿ ಅದು ಚೀರಿ ಅಳುತ್ತದೆ; ಎರಡನೆಯ ಸಾರಿ ಮಂಕಾಗಿ ಕೂಡುತ್ತದೆ; ಮೂರನೆಯ ಸಾರಿ ಯಾರು ಕರೆದರೂ ನಗುತ್ತಾ ಹೋಗುತ್ತದೆ. ಆಗ ಬಂಧುಗಳು, “ನೋಡಿರಿ, ಹೊಂದಿಕೊಂಡಿತು” ಎಂದು ಸಂತೋಷಪಡುತ್ತಾರೆ. ಯಾರನ್ನೂ ತನ್ನವರೆಂದು ಹಿಡುಕೊಳ್ಳದಿರಲು ಅದು ಕಲಿತಿರಬಹುದೆಂದು ಯಾರಿಗೂ ತೋರುವದಿಲ್ಲ.

ಆದಕಾರಣ ಇಂಥ ಕೂಟದಲ್ಲಿ ಕುಳಿತ ಹಿರಿಯರಿಗೆ ನಾವು ಬೇಡಿಕೊಳ್ಳುವದೇನಂದರೆ: ಯಾರಿಗೆ ಗದ್ದೆ ಹೆಚ್ಚು, ಯಾರ ಮನೆಯಲ್ಲಿ ಹಾಲು ಕರೆಯುವ ದನವುಂಟು ಎಂದು ಕೇಳಿರಿ; ಆದರೆ ಅದಕ್ಕೆ ಮೊದಲು, ಕೂಸು ಈಗ ಯಾರ ಮಡಿಲಲ್ಲಿ ಸುಮ್ಮನಾಗುತ್ತದೆಂದು ನೋಡಿರಿ. ಅವರ ಬಳಿಯಲ್ಲಿ ಅದು ನಿಲ್ಲಲಿ. ಉಳಿದ ಬಂಧುಗಳು ಹೊರೆ ಹೊರುವದಾದರೆ ಕೂಸನ್ನು ಸಾಗಿಸುವ ಬದಲಾಗಿ ಅಕ್ಕಿಯನ್ನೂ ಬಟ್ಟೆಯನ್ನೂ ಹಣವನ್ನೂ ಆ ಮನೆಗೆ ಸಾಗಿಸಲಿ. ಅಜ್ಜಿ ಬಡವಳಾದರೆ ಅಜ್ಜಿಗೆ ಕೊಡಲಿ. ನೋಡಿಕೊಳ್ಳುವವರು ಯಾರೂ ಇಲ್ಲದ ಪಕ್ಷದಲ್ಲಿ ಕೂಸನ್ನು ಕಂಡಕಂಡವರಿಗೆ ಒಪ್ಪಿಸದೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸತಕ್ಕದ್ದು. ೧೦೯೮ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಾಕು.

೬. ಮನೆಯಲ್ಲಿ ನಡಿಸತಕ್ಕ ಕೆಲವು ನಿಯಮಗಳು

ಒಂದನೆಯದು: ಅಳುವಿಗೆ ಉತ್ತರಕೊಡಿರಿ. ಮೊದಲ ತಿಂಗಳುಗಳಲ್ಲಿ ಬೇಗ ಉತ್ತರ ಪಡೆದ ಕೂಸುಗಳು ವರುಷದ ಕೊನೆಯಲ್ಲಿ ಕಡಿಮೆ ಅತ್ತವೆಂದು ಐನ್ಸ್‌ವರ್ತ್ ಕಂಡಳು. ಕೈ ಕೆಲಸದಲ್ಲಿದ್ದರೆ ಧ್ವನಿಯಿಂದಾದರೂ ಉತ್ತರಿಸಬಹುದು. ಈಚೆಗೆ ಕೂಸು ಅತ್ತೊಡನೆ ಮೊಬೈಲನ್ನು ಮುಂದಿಡುವ ವಾಡಿಕೆ ಬಂದಿದೆ. ಕೂಸು ಸುಮ್ಮನಾಗುತ್ತದೆ ನಿಜ, ಆದರೆ ಅದು ಕರೆದದ್ದು ಮುಖವೊಂದನ್ನು.

ಎರಡನೆಯದು: ಕದ್ದು ಹೋಗಬೇಡಿರಿ. ಮಳೆಗಾಲದ ನಾಟಿಗೂ ಸುಗ್ಗಿಯಲ್ಲಿ ಅಡಿಕೆ ಸುಲಿಯುವದಕ್ಕೂ ತಾಯಂದಿರು ಹೋಗಲೇಬೇಕು, ಅದರಲ್ಲಿ ದೋಷವಿಲ್ಲ. ಆದರೆ ಕೂಸು ನಿದ್ದೆಹೋದಾಗ ನುಸುಳಿಹೋದರೆ ಅದು ಎದ್ದು ತಾಯಿಯನ್ನು ಕಾಣದೆ, ನಿದ್ದೆಯನ್ನೇ ನಂಬದಂತಾಗುತ್ತದೆ. “ಹೋಗಿ ಬರುತ್ತೇನೆ, ಹೊತ್ತು ಮುಳುಗುವಾಗ ಬರುತ್ತೇನೆ” ಎಂದು ಹೇಳಿ, ಅದು ಅತ್ತರೂ ಹೇಳಿಯೇ ಹೋಗಿ, ಹೇಳಿದಂತೆ ಬನ್ನಿರಿ. ದಿನವೂ ಒಬ್ಬರ ಬಳಿಯಲ್ಲಿಯೇ ಬಿಡಿರಿ. ಅಂಗನವಾಡಿಯ ಏರ್ಪಾಡು ನಮ್ಮ ರಾಜ್ಯದಲ್ಲಿ ೧೯೭೫ರಲ್ಲಿ ಟಿ. ನರಸೀಪುರದಿಂದ ಮೊದಲಾಯಿತು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ಪಂಚಾಯಿತಿಗಳಲ್ಲಿ ತೆರೆಯುವೆವೆಂದು ಸರ್ಕಾರವು ೨೦೨೩ರಲ್ಲಿ ಪ್ರಕಟಿಸಿತು. ಇಂಥ ಸ್ಥಳಕ್ಕೆ ಕೂಸನ್ನು ಸೇರಿಸುವಾಗ ಮೊದಲ ಕೆಲವು ದಿವಸ ತಾಯಿಯೋ ಅಜ್ಜಿಯೋ ಸಂಗಡ ಕುಳಿತು, ಕೂಸು ಅಲ್ಲಿನವರ ಮುಖವನ್ನು ಅರಿತ ಮೇಲೆ ಬಿಟ್ಟುಬರುವದು ಉತ್ತಮ.

ಮೂರನೆಯದು: ಗುಮ್ಮನನ್ನು ಕರೆಯಬೇಡಿರಿ. “ಗೋಣಿಚೀಲದವನಿಗೆ ಕೊಟ್ಟುಬಿಡುತ್ತೇನೆ”, “ನೀನು ನಮ್ಮ ಮಗುವೇ ಅಲ್ಲ” ಎಂದು ನಾವು ನಗುತ್ತಾ ಹೇಳುತ್ತೇವೆ. ಕೂಸು ಅದನ್ನು ನಗೆಯಾಗಿ ಕೇಳುವದಿಲ್ಲ.

ನಾಲ್ಕನೆಯದು: ತಮ್ಮನೋ ತಂಗಿಯೋ ಹುಟ್ಟುವ ದಿವಸವೇ ಮೊದಲನೆಯ ಕೂಸನ್ನು ದೂರದ ಊರಿಗೆ ಕಳುಹಿಸಬೇಡಿರಿ. ಕಳುಹಿಸಲೇಬೇಕಾದರೆ ಅದು ಬಲ್ಲವರ ಮನೆಗೆ, ಸ್ವಲ್ಪ ದಿವಸದ ಮಟ್ಟಿಗೆ, ಅದರ ಸ್ವಂತ ಹೊದಿಕೆಯೊಂದಿಗೆ ಕಳುಹಿಸಿರಿ.

ಐದನೆಯದು: ಕೂಸು ಆಸ್ಪತ್ರೆಯಲ್ಲಿದ್ದರೆ ಸಂಗಡ ಇರಿ. ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಾಯಂದಿರನ್ನು ಒಳಗೆ ಬಿಡುವದೇ ಅಪರೂಪವಾಗಿತ್ತು. ಬೌಲ್ಬಿಯವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್ ೧೯೫೨ರಲ್ಲಿ ಎರಡು ವರುಷದ ಹುಡುಗಿಯೊಬ್ಬಳ ಎಂಟು ದಿನದ ಆಸ್ಪತ್ರೆವಾಸವನ್ನು ಚಲನಚಿತ್ರವಾಗಿ ತೋರಿಸಿದ ಮೇಲೆ ಆ ಕಟ್ಟಳೆಗಳು ಕ್ರಮೇಣ ಸಡಿಲವಾದವು. ತೂಕ ಕಡಿಮೆಯಾಗಿ ಹುಟ್ಟಿದ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ, ಕಟ್ಟಿಕೊಳ್ಳುವ ಕಾಂಗರೂ ಆರೈಕೆಯು ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೊಟಾದಲ್ಲಿ ಹುಟ್ಟಿತು. ಇದನ್ನು ಹುಟ್ಟಿದೊಡನೆ ಪ್ರಾರಂಭಿಸಿದರೆ ಅಂಥ ಕೂಸುಗಳ ಮೊದಲ ೨೮ ದಿವಸಗಳ ಮರಣವು ಕಾಲುಭಾಗ ಕಡಿಮೆಯಾಗುತ್ತದೆಂದು, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆ ತಿಳಿಸುತ್ತದೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯ ವರೆಗೆ ಹಬ್ಬಿಸುವ ಕೆಲಸ ನಡೆಯಿತು. ತಂದೆಯೂ ಹೀಗೆ ಕೂಸನ್ನು ಕಟ್ಟಿಕೊಳ್ಳಬಹುದು, ನಾಚಿಕೆಪಡತಕ್ಕದ್ದೇನೂ ಇಲ್ಲ.

ಆರನೆಯದು: ಸಿಟ್ಟಾದ ಮೇಲೆ ಸಮಾಧಾನಮಾಡಿರಿ. ಒಳ್ಳೆಯ ತಾಯಂದಿರೂ ತಮ್ಮ ಕೂಸಿನ ಮನಸ್ಸಿಗೆ ಸರಿಯಾಗಿ ಹೊಂದಿಕೊಂಡಿರುವದು ಆಟದ ಹೊತ್ತಿನ ಮೂರರಲ್ಲಿ ಒಂದು ಪಾಲು ಮಾತ್ರವೆಂದು ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ವಿದ್ವಾಂಸರು ಅಳತೆಮಾಡಿ ಹೇಳಿದ್ದಾರೆ. ಉಳಿದ ಹೊತ್ತು ತಪ್ಪುವದೂ ಮತ್ತೆ ಕೂಡುವದೂ ನಡೆಯುತ್ತದೆ. ಗದರಿಸಿದ ಕೂಸನ್ನು ಮತ್ತೆ ಎತ್ತಿಕೊಂಡಾಗ, ಮುರಿದದ್ದು ಕೂಡುತ್ತದೆಂದು ಅದು ಕಲಿಯುತ್ತದೆ. ಗಂಡಹೆಂಡಿರ ಬಾಳಿಗೆ ಇದಕ್ಕಿಂತ ಹೆಚ್ಚು ಬೇಕಾದ ಪಾಠವು ಯಾವದು?

೭. ಕಾಲ ಮೀರಿತೋ?

ಇದನ್ನು ಓದಿ ಕೆಲವರು, “ನಮಗೆ ಅಂಥ ಮಡಿಲು ಸಿಕ್ಕಲಿಲ್ಲ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ವ್ಯಸನಪಡಬಹುದು. ಮರದ ವಿಷಯವಾಗಿ ಆ ಗಾದೆ ಸರಿ. ಮನುಷ್ಯನ ವಿಷಯವಾಗಿ ಅದು ಪೂರ್ತಿ ಸರಿಯಲ್ಲ. ಮೇಲೆ ಹೇಳಿದ ಮೇರಿ ಮೇನ್ ದೊಡ್ಡವರನ್ನು ಅವರವರ ಬಾಲ್ಯದ ವಿಷಯವಾಗಿ ವಿಚಾರಿಸಿದಾಗ, ಕಷ್ಟದ ಬಾಲ್ಯವುಳ್ಳವರಲ್ಲಿಯೂ ಕೆಲವರ ಮಕ್ಕಳು ನೆಮ್ಮದಿಯಾಗಿದ್ದದ್ದು ಕಂಡುಬಂತು. ಅವರು ಯಾರಂದರೆ, ತಮಗಾದ ನೋವನ್ನು ಮರೆಮಾಜದೆಯೂ ಅದರಲ್ಲಿಯೇ ಮುಳುಗದೆಯೂ ನೆಟ್ಟಗೆ ಹೇಳಬಲ್ಲವರು. ಅನೇಕರಿಗೆ ಆ ಶಕ್ತಿಯು ತರುವಾಯ ಸಿಕ್ಕಿದ ಒಬ್ಬರಿಂ‍ದ ಬಂದಿರುತ್ತದೆ. ಆ ಒಬ್ಬರು ತಾಳ್ಮೆಯುಳ್ಳ ಗುರುವಾಗಿರಬಹುದು, ಸ್ಥಿರಬುದ್ಧಿಯ ಗಂಡನೋ ಹೆಂಡತಿಯೋ ಆಗಿರಬಹುದು, ಪಕ್ಕದ ಮನೆಯ ವಿಧವೆಯಾಗಿರಬಹುದು.

ಮಲತಾಯಂದಿರಿಗೂ ಸಾಕುತಾಯಂದಿರಿಗೂ ವಿಶೇಷವಾಗಿ ಒಂದು ಮಾತು. ನಿಮ್ಮ ಮನೆಗೆ ಬಂದ ಮಗುವು ಪ್ರೀತಿಗೆ ಪ್ರತಿಯಾಗಿ ಒರಟಾಗಿ ನಡೆಯಬಹುದು, ಅನ್ನವನ್ನು ಬಚ್ಚಿಡಬಹುದು, ಎತ್ತಿಕೊಂಡರೆ ಕೊಸರಬಹುದು. “ಎಷ್ಟು ಮಾಡಿದರೂ ಇಷ್ಟೇ” ಎಂದು ಬೇಸರಪಡಬೇಡಿರಿ. ನೀವೂ ಬಿಟ್ಟುಹೋಗುವವರೋ ಎಂದು ಅದು ಪರೀಕ್ಷಿಸುತ್ತಿದೆ. ತಿಂಗಳುಗಳಲ್ಲಿ ಕೆಟ್ಟದ್ದು ವರುಷಗಳಲ್ಲಿ ಸರಿಯಾಗುತ್ತದೆ. ದಿನವೂ ಅದೇ ಮುಖ, ಅದೇ ಮಾತು, ಅದೇ ಹೊತ್ತಿಗೆ ಅನ್ನ ಇವೇ ಅದಕ್ಕೆ ಮದ್ದು. ನೆರೆಯವರು ಆ ತಾಯಂದಿರನ್ನು ಮಲತಾಯಿಯೆಂದು ಹಂಗಿಸದೆ, ನಾಟಿಯ ದಿವಸ ಅವರ ಗದ್ದೆಗೆ ಒಂದು ಆಳಾಗಿ ಹೋದರೆ ಅದೂ ಕೂಸನ್ನು ಸಾಕಿದಂತೆಯೇ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಆರೇಳು ತಿಂಗಳಾದ ಮೇಲೆ ಕೂಸು ಹೊಸಬರನ್ನು ಕಂಡು ಅಳುವದು ಯಾಕೆ? ಅದಕ್ಕೆ ನಾವು ಕೊಡುವ ಹೆಸರು ಸರಿಯೋ?

೨. ಉಗಾಂಡದ ಹಳ್ಳಿಗಳಲ್ಲಿ ಯಾವ ತಾಯಂದಿರ ಕೂಸುಗಳು ನೆಮ್ಮದಿಯಾಗಿದ್ದವು? ನಿಮ್ಮ ಕೂಸಿನ ವಿಷಯವಾಗಿ ನೀವು ಬಲ್ಲ ಐದು ಸಣ್ಣ ಸಂಗತಿಗಳನ್ನು ಹೇಳಿರಿ. ತಂದೆಯರೂ ಹೇಳಲಿ.

೩. ನಮ್ಮ ಊರಿನಲ್ಲಿ ಮನೆಯಿಂದ ಮನೆಗೆ ಸಾಗುತ್ತಿರುವ ತಬ್ಬಲಿ ಮಗು ಉಂಟೋ? ಅದು ಒಂದೇ ಕಡೆಯಲ್ಲಿ ನಿಲ್ಲಲು ಯಾರು ಏನು ಕೊಡಬಲ್ಲರು? ಈ ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಟ್ಟು ಕೂಟವನ್ನು ಮುಗಿಸಬೇಡಿರಿ.